ಸಿಹಿನೀರಿನಲ್ಲಿ ಐದು ನಿಮಿಷ

ಗಂಗೊಳ್ಳಿಯ ದಕ್ಕೆಯಲ್ಲಿ ಅಬ್ಬಿ ಕಲಿಸಿದ್ದು ಒಂದೇ ವಿದ್ಯೆ:
ಕಿವಿರು ಎತ್ತಿ ನೋಡು.
ಕೆಂಪಿದ್ದರೆ ಕೊಳ್ಳು, ಕಂದಿದ್ದರೆ ಮುಂದಿನ ಬುಟ್ಟಿ.
ಕಣ್ಣು ಸುಳ್ಳು ಹೇಳುತ್ತದೆ, ಮಂಜುಗಡ್ಡೆ ಹೇಳುತ್ತದೆ,
ಮಾರಲು ಕೂತ ನಾವಂತೂ ಹೇಳಿಯೇ ಹೇಳುತ್ತೇವೆ.
ಕಿವಿರಿಗೆ ಮಾತ್ರ ಅದು ಬರುವುದಿಲ್ಲ.

ಉಮ್ ಅಲ್ ಕುವೈನಿನ ಈ ತಗಡಿನ ಶೆಡ್ಡಿನಲ್ಲಿ
ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ,
ಸಂಬಳಕ್ಕೆ.

ರಾತ್ರಿ ಮೂರಕ್ಕೆ ಆರನೇ ಪಂಜರದ ಹಮೂರ್‌ಗಳು
(ನಮ್ಮ ಕಡೆಯ ಮುರುಮೀನು, ಇಲ್ಲಿ ಬೇರೆ ಹೆಸರು)
ಬಲೆಗೆ ಕೆನ್ನೆ ಉಜ್ಜುತ್ತ, ಮೇಲೆ ಬಂದು ಬಾಯಿ ತೆರೆದವು.
ಮೀನಿನ ಡಾಕ್ಟರು ಇಖ್ಲಾಸ್, ಪೋರ್ಟ್ ಸುಡಾನಿನವರು,
ಕಿವಿರಿನ ಉಗುರಷ್ಟು ತುಂಡು ಕತ್ತರಿಸಿ ಗಾಜಿನಡಿ ಇಟ್ಟು
"ಬಾ ಶೀನ, ನೋಡು" ಎಂದರು.

ನೋಡಿದೆ.
ಕೆಂಪು ಬಾಚಣಿಗೆ. ಹಲ್ಲುಹಲ್ಲಿನ ಸಂದಿಯಲ್ಲಿ
ಎಳ್ಳಿಗಿಂತಲೂ ಸಣ್ಣ, ಗಂಜಿಯ ತಿಳಿಯಂಥ ಒಂದು ಜೀವ.
ಚಪ್ಪಟೆ. ಹಿಂತುದಿಯಲ್ಲೊಂದು ಅಂಗೈ,
ನಡುವೆ ನಾಲ್ಕು ಲಂಗರು,
ಅಂಚಿನ ಸುತ್ತ ಹದಿನಾಲ್ಕು ಕೊಕ್ಕೆ.
ನಾನು ಎಣಿಸಿದೆ. ಹನ್ನೆರಡಕ್ಕೆ ತಪ್ಪಿ ಮತ್ತೆ ಎಣಿಸಿದೆ.
ತಲೆಗೆ ಕಟ್ಟಿಲ್ಲ. ಗೂಟದ ಕರುವಿನ ಹಾಗೆ
ಹಗ್ಗ ಎಳೆದಷ್ಟು ದೂರ ಲೋಳೆ ಮೇಯುತ್ತದೆ,
ಉಸಿರು ಒಳಗೆ ಹೋಗುವ ಬಾಗಿಲಲ್ಲೇ ನಿಂತು
ಏನೋ ಗುಟ್ಟು ಹೇಳುವಂತೆ ಮೀನಿನ ಕಿವಿ ಕಚ್ಚುತ್ತದೆ.

ಡಾಕ್ಟರು ಹೇಳಿದರು:
ಮೊಟ್ಟೆಗೊಂದು ದಾರದಂಥ ಬಾಲ, ಬಲೆಯ ನೂಲಿಗೆ ಸುತ್ತಿಕೊಳ್ಳುತ್ತದೆ.
ಒಡೆದು ಬಂದ ಮರಿಗೆ ನಾಲ್ಕು ಕಣ್ಣು, ಮೈತುಂಬ ರೋಮದ ಹುಟ್ಟು,
ಕೈಯಲ್ಲಿ ಹೆಚ್ಚೆಂದರೆ ಒಂದು ದಿನ.
ಮೀನು ಸಿಗದಿದ್ದರೆ ತಳಕ್ಕೆ.
ಸಿಕ್ಕಿತೋ, ತಾಗಿದ ಕೂಡಲೇ ಹುಟ್ಟುಗಳನ್ನೆಲ್ಲ ಉದುರಿಸಿಬಿಡುತ್ತದೆ.
ಮತ್ತೆ ಈಜುವುದೆಂಬುದಿಲ್ಲ.

"ಪಾಸ್‌ಪೋರ್ಟನ್ನು ಆಫೀಸಿನ ಕಪಾಟಿಗೆ ಕೊಟ್ಟ ಹಾಗೆ"
ಎಂದ ಭಟ್ಕಳದ ಜುಬೇರ್. ನಕ್ಕ.
ನನಗೂ ನಗು ಬಂದಿತ್ತು, ನಗಲಿಲ್ಲ.
ಕ್ಯಾಂಪಿನ ಮಂಚ, ನಾವು, ಹುಳು:
ಈ ಹೋಲಿಕೆ ತೀರ ಸಲೀಸು,
ಸಲೀಸಾಗಿ ಬಂದ ಬಲೆಯಲ್ಲಿ ಮೀನಿರುವುದಿಲ್ಲ.
ತೆರೆದ ಕಡಲಲ್ಲಿ ಒಂದು ಮೀನಿಗೆ ನಾಲ್ಕೈದು ಹುಳು,
ಇದಕ್ಕೆ ಅದರ ಗೊಡವೆಯಿಲ್ಲ.
ಐದು ಸಾವಿರ ಮೀನನ್ನು ಒಂದೇ ಬಲೆಗೆ ತುಂಬಿದವರು
ನಾವು. ಗಂಟು ಹಾಕಿದ್ದು ಈ ಕೈ.

ಟ್ಯಾಂಕರ್ ಬಂತು.
ಇದೇ ಕಡಲಿನ ನೀರು, ಉಪ್ಪು ಕಳೆದುಕೊಂಡು
ಪೈಪು ಸುತ್ತಿ, ಲೀಟರಿಗಿಷ್ಟೆಂದು ಬೆಲೆ ಹಚ್ಚಿಕೊಂಡು
ಕಡಲಿಗೇ ವಾಪಸು ಬಂದಿದೆ.
ಅದರಲ್ಲಿ ಐದು ನಿಮಿಷ ಮೀನನ್ನು ಮುಳುಗಿಸಬೇಕು.
ಹುಳು ನೀರು ಕುಡಿದು ಊದುತ್ತದೆ, ಬಿಳಚುತ್ತದೆ,
ಕೊಕ್ಕೆ ಒಂದೊಂದೇ ಸಡಿಲ.
ಮೀನೂ ಸಹಿಸುವುದಿಲ್ಲ, ಕೊಂಚ ನಿಧಾನವಾಗಿ ಸಹಿಸುವುದಿಲ್ಲ.
ಆ ಕೊಂಚವೇ ನಮ್ಮ ಔಷಧ.

ಗಡಿಯಾರ ಹಿಡಿದವನು ನಾನು.
ಮೂರನೇ ನಿಮಿಷ. ಒಂದು ಮೀನಿನ ಕಿವಿರು ಎತ್ತಿದೆ,
ಅದು ಟಪ್ಪನೆ ಮುಚ್ಚಿ ನನ್ನ ಬೆರಳು ಹಿಡಿಯಿತು.
ಬಿಡಿಸಿಕೊಳ್ಳಲಿಲ್ಲ.
ನಾಲ್ಕು. ನಾಲ್ಕೂವರೆ.
ಹಿಡಿತ ಸಡಿಲುತ್ತಿರುವುದು ಯಾರದೆಂದು ತಿಳಿಯದೆ
ಇನ್ನೂ ಹತ್ತು ಸೆಕೆಂಡು ಇರುವಾಗಲೇ
"ಎತ್ತು!" ಎಂದು ಕೂಗಿದೆ.

ಮೊಟ್ಟೆಗಳಿಗೆ ಸಿಹಿನೀರಿನ ಹೆದರಿಕೆಯಿಲ್ಲ.
ಎಂಟು ದಿನ ಬಿಟ್ಟು ಇದೇ ಕೆಲಸ, ಇದೇ ಬಲೆ.

ಬೆಳಕು ಹರಿದ ಮೇಲೆ ತೊಟ್ಟಿಯ ನೀರು ಮರಳಿಗೆ ಚೆಲ್ಲಿದೆವು.
"ಅದರಲ್ಲಿ ಎಷ್ಟಿದ್ದವೋ?" ಜುಬೇರ್ ಕೇಳಿದ.
ಶೆಡ್ಡಿನ ಬೆಕ್ಕು ಬಂತು, ಒದ್ದೆ ಮರಳು ಮೂಸಿತು,
ಉಪ್ಪಿಲ್ಲವೆಂದು ಮುಖ ತಿರುಗಿಸಿ ಹೋಯಿತು.